ನಾಗ° ಅಲ್ಲನ್ನೆ, ಹಾಂಗಾರೆ ಸಾರ ಇಲ್ಲೆ

ಕುಂಭ ತಿಂಗಳಿಲಿ ಒಂದು ದಿನ ಉದಿಯಪ್ಪಗ ಆನು ದೋಸೆ ಎರಕ್ಕೊಂಡಿಪ್ಪಗ ಚಿಕ್ಕಮ್ಮನ ಸೊಸೆಯ ಫೋನು ಬಂತು. "ಅಕ್ಕಾ, ಮೀವ ಕೊಟ್ಟಗೆಲಿ ನಾಗ° ಬೈಂದು. ಹೆಡೆ ಬಿಚ್ಚಿ ನಿಂದಿದು. ಎಂತ ಮಾಡುದು?" ಹೇಳಿ ಒಂದೇ ಉಸುಲಿಲಿ ಕೇಳಿತ್ತು. "ಬಾಗಿಲು ಎಳಕ್ಕೊಂಡು ಹೆರ ನಿಲ್ಲು. ಕಿಟಿಕಿಂದ ಒಂದು ಪಟ ತೆಗದು ಕಳುಸು. ಆರ ಹತ್ತರೂ ಬಡಿವಲೆ ಹೇಳೆಡ" ಹೇಳಿದೆ. ಪಟ ಬಪ್ಪಗ ಇಪ್ಪತ್ತು ನಿಮಿಷ ಕಳುದಿತ್ತು. ಹಾವು ಮೀವ ಕೊಟ್ಟಗೆಲಿ ಇತ್ತಿಲ್ಲೆ, ಜಾಲಿಲಿ ಇತ್ತು. ತಲೆ ಜಜ್ಜಿ ಹೋಗಿತ್ತು. ಸೊಸೆಯ ಬೊಬ್ಬೆ ಕೇಳಿ ತೋಟಂದ ಓಡಿ ಬಂದ ಆಳು ಬಡುದು ಮುಗುಶಿ ಆಗಿತ್ತು.

ಪಟವ ದೊಡ್ಡ ಮಾಡಿ ನೋಡಿದೆ. ಚೌಕುಳಿ ಸೀರೆಯ ಹಾಂಗಿಪ್ಪ ಬೆನ್ನು, ಬೆಳಿ ಹೊಟ್ಟೆ. ನಾಗ° ಅಲ್ಲ, ನೀರೊಳ್ಳೆ.

ಅಷ್ಟಪ್ಪಗ ಅಲ್ಲಿ ಮನೆಲಿ ಬೇರೆಯೇ ಗಡಿಬಿಡಿ. ನಾಗನ ಕೊಂದ ದೋಷ, ಸುಬ್ರಹ್ಮಣ್ಯಲ್ಲಿ ಸರ್ಪಸಂಸ್ಕಾರ ಮಾಡ್ಸೆಕ್ಕು, ಏವ ದಿನ ಸಿಕ್ಕುಗೋ ಎಂತದೋ, ಮಗಳ ಮದುವೆ ಮಾತುಕತೆ ನಡೆತ್ತಾ ಇಪ್ಪಗಳೇ ಹೀಂಗಾತನ್ನೆ ಹೇಳಿ ಚಿಕ್ಕಮ್ಮ ಕೂಗುಲೆ ಸುರು ಮಾಡಿತ್ತಿದ್ದವು. ಆನು ಫೋನು ಮಾಡಿ "ಚಿಕ್ಕಮ್ಮಾ, ಅದು ನಾಗ° ಅಲ್ಲ, ನೀರೊಳ್ಳೆ" ಹೇಳಿದ್ದೇ ತಡ, "ನಾಗ° ಅಲ್ಲನ್ನೆ? ಹಾಂಗಾರೆ ಸಾರ ಇಲ್ಲೆ. ಬದುಕ್ಕಿದೆಯೊ°" ಹೇಳಿದವು. ಫೋನು ಮಡುಗಿ ನೋಡುವಗ ಎನ್ನ ದೋಸೆ ಕರಂಚಿ ಹೋಗಿತ್ತು.

ಅವಕ್ಕೆ ಸಮಾಧಾನ ಆದ್ದು ಒಳ್ಳೆದೇ. ಆದರೆ ಆ 'ಸಾರ ಇಲ್ಲೆ' ಎನ್ನ ಕೆಮಿಂದ ಹೋವುತ್ತೇ ಇಲ್ಲೆ. ಅರ್ಧ ಗಂಟೆ ಮದಲು ಅದೇ ಹಾವಿಂಗೆ ಮನೆಯವೆಲ್ಲ ಕಣ್ಣೀರು ಹಾಕಿದವು, ಮೀಯದ್ದೆ ಒಳ ಹೋಪಲಾಗ ಹೇಳಿದವು. ಅರ್ಧ ಗಂಟೆ ಕಳುದಪ್ಪಗ ಅದರ ಬಡಿಗೆ ಕೊಡಿಲಿ ನೆಗ್ಗಿ ಬಾಳೆ ಬುಡಕ್ಕೆ ಇಡ್ಕಿದವು. ಹಾವು ಅದೇ. ಬಿದ್ದ ಪೆಟ್ಟೂ ಅದೇ. ಹೆಸರು ಮಾತ್ರ ಬದಲಿತ್ತು. ಆನು ನಂಬಿಕೆಯ ತಮಾಷೆ ಮಾಡ್ತಾ ಇಪ್ಪದಲ್ಲ ಮಿನಿಯಾ. ನಾಗರಪಂಚಮಿಗೆ ಬನಕ್ಕೆ ತನು ಎರವಲೆ ಆನೂ ಹೋವುತ್ತೆ. ಆದರೆ ಒಂದು ಹಾವಿನ ಕೊಂದರೆ ಪಾಪ, ಇನ್ನೊಂದರ ಕೊಂದರೆ ಸಾರ ಇಲ್ಲೆ ಹೇಳ್ತ ಲೆಕ್ಕ ಎನಗೆ ಮನಸ್ಸಿಂಗೆ ಹಿಡಿತ್ತಿಲ್ಲೆ. ಅದರಲ್ಲೂ ಈ ನೀರೊಳ್ಳೆಯ ವಿಷಯಲ್ಲಿ. ವಿಷ ಇಲ್ಲದ್ದ, ನಮ್ಮ ಕೆರೆ-ತೋಡು-ಕಣಿಲೇ ಹುಟ್ಟಿ ಅಲ್ಲೇ ಸಾವ ಜೀವ ಅದು.

ನಿಂಗೊ ಎಲ್ಲೋರೂ ಅದರ ನೋಡಿದ್ದಿ, ಗುರ್ತ ಇಲ್ಲೆ ಅಷ್ಟೆ. ಇಂಗ್ಲಿಷಿಲಿ ಇದಕ್ಕೆ ಚೆಕರ್ಡ್ ಕೀಲ್‌ಬ್ಯಾಕ್ ಹೇಳ್ತವು. ದೋಣಿಯ ಅಡಿಲಿ ಉದ್ದಕೆ ಬಪ್ಪ ಏಣಿಂಗೆ ಕೀಲ್ ಹೇಳುದು. ಈ ಹಾವಿನ ಬೆನ್ನಿನ ಒಂದೊಂದು ಹುರುಪೆಯ ನಡುಗೂ ಹಾಂಗಿಪ್ಪದೇ ಒಂದು ಸಣ್ಣ ಏಣು ಇದ್ದು. ಹಾಂಗಾಗಿಯೇ ಮೈ ದೊರಗು. ನಾಗರಹಾವಿನ ಹುರುಪೆ ಹಾಂಗಲ್ಲ, ನಯ ಇರ್ತು. ವಿಜ್ಞಾನಿಗೊ ಮಡಗಿದ ಹೆಸರಿಲಿ ಕೊನೆಗೆ 'ಪಿಸ್ಕೇಟರ್' ಹೇಳಿ ಇದ್ದು, ಲ್ಯಾಟಿನಿಲಿ ಮೀನು ಹಿಡಿವವ° ಹೇಳಿ ಅರ್ಥ. ಶ್ನೈಡರ್ ಹೇಳ್ತ ಜರ್ಮನ್ ಪಂಡಿತ° 1799ರಲ್ಲೇ ಆ ಹೆಸರು ಮಡಗಿದ್ದಡ. ನಮ್ಮ ಹಿರಿಯರು ಅದರ 'ಒಳ್ಳೆ' ಹೇಳಿದವು. ಅದು ಹಾವಿನ ಹಳೇ ಹೆಸರು, 'ಒಳ್ಳೆದು' ಹೇಳ್ತ ಅರ್ಥಲ್ಲಿ ಅಲ್ಲ. ಆದರೂ ಕೇಳುವಗ ಎನಗೆ ಒಂದು ಖುಷಿ ಇದ್ದು.

ಗುರ್ತ ಹಿಡಿವಲೆ ಮದಾಲು ಕಣ್ಣು ನೋಡೆಕ್ಕು. ಕಣ್ಣ ಕೆಳಂದ ಒಂದು, ಕಣ್ಣ ಹಿಂದಂದ ಒಂದು, ಎರಡು ಕಪ್ಪು ಗೆರೆ ಓರೆಕ್ಕೆ ಬಾಯಿಯ ಹೊಡೆಂಗೆ ಇಳಿತ್ತು. ಸಣ್ಣ ಕೂಸು ಕೂಗಿ ಕಾಡಿಗೆ ಹರುದ ಹಾಂಗೆ. ಬೆನ್ನಿಲಿ ಕಪ್ಪು ಚೌಕುಳಿ. ಬಣ್ಣ ನಂಬಲೆ ಎಡಿಯ, ಒಂದು ಅರಿಶಿನ ಹೊಡದ್ದು, ಇನ್ನೊಂದು ಪಾಚಿ ಬಣ್ಣ, ಮತ್ತೊಂದು ಮಣ್ಣಿನ ಬಣ್ಣ. ಹೊಟ್ಟೆ ಮಾತ್ರ ಬೆಳಿಯೇ. ಸಾಮಾನ್ಯ ಎರಡು-ಮೂರು ಅಡಿ ಉದ್ದ, ಅಪರೂಪಕ್ಕೆ ಐದಡಿಂದಲೂ ಹೆಚ್ಚು ಬೆಳೆತ್ತು. ದೊಡ್ಡದು ಕಂಡರೆ ಹೆಚ್ಚಾಗಿ ಹೆಣ್ಣು. ಮೂಗಿನ ಒಟ್ಟೆ ರಜ್ಜ ಮೇಲ್ಮೋರೆಲಿ ಇಪ್ಪ ಕಾರಣ ಮೈಯೆಲ್ಲ ನೀರಿಲ್ಲಿ ಮುಳುಗಿದ್ದರೂ ಉಸುಲು ತೆಕ್ಕೊಂಬಲೆ ಎಡಿಗು. ಕೆರೆಕಟ್ಟೆಲಿ ವಸ್ತ್ರ ಒಗವಗ ನೀರ ಮೇಲೆ ಒಂದು ಹೆಬ್ಬೆರಳಿನಷ್ಟು ತಲೆ ಮಾತ್ರ ಕಾಂಬದು ಅದೇ.

ಈಗ ನಿಂಗೊ ಹೇಳುವಿ, "ಹೆಡೆ ಬಿಚ್ಚಿದ್ದನ್ನೆ, ಅಂಬಗ ಹೇಂಗೆ ಗೊಂತಪ್ಪದು?" ಸೊಸೆ ಹೇಳಿದ್ದೂ ಅದನ್ನೇ. ಅದು ಲೊಟ್ಟೆ ಹೇಳಿದ್ದಲ್ಲ. ನೀರೊಳ್ಳೆ ಹೆದರಿರೆ ತಲೆ ನೆಗ್ಗಿ ಕುತ್ತಿಗೆಯ ಚಪ್ಪಟೆ ಮಾಡ್ತು. ದೂರಂದ ನೋಡುವವಕ್ಕೆ ಅದು ಹೆಡೆಯೇ. ನಾಗನ ಹೆಡೆ ಅಗಲಕೆ, ಉರುಟಕೆ ಬಿಚ್ಚುತ್ತು, ನಮ್ಮ ಊರಿನ ನಾಗಂಗೆ ಬೆನ್ನ ಹೊಡೆಲಿ ಕನ್ನಡ್ಕದ ಗುರ್ತ ಇರ್ತು. ನೀರೊಳ್ಳೆಯದ್ದು ಸಪೂರ, ಗುರ್ತ ಎಂತದೂ ಇಲ್ಲೆ. ಪಾಪದ ಜೀವಿ ದೊಡ್ಡವರ ವೇಷ ಹಾಕಿ ಹೆದರುಸುದು. ಮನುಷ್ಯರ ಮುಂದೆ ಆ ವೇಷವೇ ಅದರ ಜೀವ ತೆಗೆತ್ತು. ಬರೇ ಬಳ್ಳಿಯ ಹಾಂಗೆ ಬಿದ್ದೊಂಡಿದ್ದರೆ ನಮ್ಮಲ್ಲಿ ಅರ್ಧ ಜನ "ಹೋಗಲಿ ಬಿಡು" ಹೇಳುಗು.

ಹಾಂಗೆ ಹೇಳಿ ಅದರ ಸಾಧು ಹೇಳಿ ಆನು ಹೇಳುತ್ತಿಲ್ಲೆ. ಭಾರೀ ಕೋಪದ ಹಾವು. ದಾರಿ ಕಟ್ಟಿರೆ ಹಾರಿ ಬಂದು ಕಚ್ಚುಗು, ಒಂದು ಕಚ್ಚಿಲಿ ಬಿಡ. ಸಣ್ಣ ಸಣ್ಣ ಹಲ್ಲು ಸಾಲಾಗಿ ಹಿಂದಂಗೆ ಬಾಗಿ ಇಪ್ಪ ಕಾರಣ ನೆತ್ತರು ಚೆಂದಕೆ ಬತ್ತು. ಹಿಡುದರೆ ಕೆಟ್ಟ ನಾತ ಬಿಡ್ತು. ಬೀಲ ಹಿಡುದು ಎಳದರೆ ಕೆಲವು ಸರ್ತಿ ಬೀಲವ ಮುರುದು ನಿಂಗಳ ಕೈಲೇ ಬಿಟ್ಟು ಹೋಕು, ಹಲ್ಲಿಯ ಹಾಂಗೆ ಅದು ಮತ್ತೆ ಬೆಳೆತ್ತಿಲ್ಲೆ. ಬೆನ್ನಿಲಿ ಎರಡು ಅರಿಶಿನ ಗೆರೆ ಇಪ್ಪ ಸಪೂರ ಹಾವು ಮಳೆಗಾಲಲ್ಲಿ ಹುಲ್ಲಿನೆಡೆಲಿ ಕಾಣ್ತಲ್ಲದೋ, ಅದೂ ಇದರ ನೆಂಟರೇ, ಅದು ಮಾತ್ರ ಭಾರೀ ಪಾಪ, ಕಚ್ಚುದೇ ಅಪರೂಪ. ಕೀಲ್‌ಬ್ಯಾಕ್ ಜಾತಿಲಿ ಎಲ್ಲವೂ ಹಾಂಗಲ್ಲ. ಈಶಾನ್ಯ ಭಾರತದ ಹೊಡೆಲಿಪ್ಪ ಕೆಂಪು ಕುತ್ತಿಗೆಯ ಒಂದರ ಕಚ್ಚು ಅಪಾಯ. ಜಪಾನಿಲಿ ಒಂದಿದ್ದು, ಅದು ವಿಷದ ಕೆಪ್ಪೆಗಳ ತಿಂದು ಆ ವಿಷವ ಕುತ್ತಿಗೆಲಿ ಕೂಡಿ ಮಡುಗುತ್ತು. ಎಂಥಾ ಸಂಸಾರ ನೋಡಿ.

ಕಚ್ಚಿದ ವಿಷಯ ಹೇಳುವಗ ಎನ್ನ ಅಣ್ಣನ ಕತೆ ಹೇಳದ್ದೆ ಇಪ್ಪಲೆ ಎಡಿಯ. ಅವಂಗೆ ಹತ್ತು ವರ್ಷ ಇಪ್ಪಗ ತೋಡಿಲಿ ಮೀನು ಹಿಡಿವಲೆ ಹೋಗಿ ಕಾಲಿಂಗೆ ಹಾವು ಕಚ್ಚಿತ್ತು. ಮನೆಲಿ ಗೆಂಡುಮಕ್ಕೊ ಆರೂ ಇತ್ತಿದ್ದವಿಲ್ಲೆ. ಅಬ್ಬೆ, ಅಜ್ಜಿ, ನೆರೆಕರೆಯವು ಸೇರಿ ಮೊಳಪ್ಪಿನ ಕೆಳ ಬಳ್ಳಿ ಬಿಗುದು ಕಟ್ಟಿದವು, ಗಾಯಕ್ಕೆ ಎಂತೆಂತದೋ ಸೊಪ್ಪು ಅರದು ಹಾಕಿದವು. ಬಸ್ಸು ಸಿಕ್ಕಿ ಡಾಕ್ಟ್ರ ಹತ್ತರೆ ಎತ್ತುವಗ ಎರಡು ಗಂಟೆ ಕಳುದಿತ್ತು. ಕಾಲು ನೀಲಿ ಆಗಿ ಬೀಗಿತ್ತು. ಡಾಕ್ಟ್ರು ಬೈದು ಬಳ್ಳಿ ಕತ್ತರ್ಸಿದವು. ಹಾವು ನೀರೊಳ್ಳೆ, ಕೊಂದು ಚೀಲಲ್ಲಿ ಹಾಕಿ ಒಟ್ಟಿಂಗೇ ಕೊಂಡು ಹೋಗಿತ್ತಿದ್ದವು. ಹಾವು ಮಾಡಿದ ಗಾಯ ನಾಲ್ಕು ದಿನಲ್ಲಿ ಒಣಗಿತ್ತು. ಬಳ್ಳಿ ಮಾಡಿದ ಗುರ್ತ ಅಣ್ಣನ ಕಾಲಿಲಿ ಇಂದಿಂಗೂ ಇದ್ದು.

ಹಾಂಗಾಗಿ ಈ ಒಂದು ವಿಷಯ ಮಾತ್ರ ಆನು ಗಟ್ಟಿ ಹೇಳ್ತೆ. ಕಚ್ಚಿದ್ದು ನೀರೊಳ್ಳೆಯೇ ಹೇಳಿ ನಿಂಗೊಗೆ ನೂರಕ್ಕೆ ನೂರು ಕಂಡರೂ ಆಸ್ಪತ್ರೆಗೆ ಹೋಯೆಕ್ಕು. ಹಲ್ಲಿನ ಗುರ್ತ ಎಷ್ಟಿದ್ದು ಹೇಳಿ ಎಣುಸಿ ತೀರ್ಮಾನ ಮಾಡ್ಲಾಗ. ಕಟ್ಟಹಾವು ಕಚ್ಚಿರೆ ಬೇನೆಯೇ ಗೊಂತಾಗದ್ದೆ ಇಕ್ಕು, ಒರಕ್ಕಿಲಿದ್ದವಕ್ಕೆ ಎಚ್ಚರವೂ ಆಗ. ಸಾಬೂನು-ನೀರಿಲಿ ತೊಳವದು, ಬಳೆ-ಉಂಗುರ-ಕಾಲುಂಗುರ ತೆಗವದು, ಕಚ್ಚಿದ ಕೈಯೋ ಕಾಲೋ ಆಡ್ಸದ್ದೆ ಕರಕ್ಕೊಂಡು ಹೋಪದು. ಕಟ್ಟುದು ಬೇಡ, ಕೊಯಿವದು ಬೇಡ, ಚೀಪುದು ಬೇಡ. ನಮ್ಮಲ್ಲಿ ಸಿಕ್ಕುವ ಪ್ರತಿವಿಷ ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಇಪ್ಪದು. ಅದು ಬೇಕೋ ಬೇಡದೋ ಹೇಳಿ ಡಾಕ್ಟ್ರು ನೋಡುಗು. ನೀರೊಳ್ಳೆ ಆದರೆ ಗಾಯ ತೊಳದು ಒಂದು ಟಿಟಿ ಕೊಟ್ಟು, ರಜ್ಜ ಹೊತ್ತು ಕೂರ್ಸಿ ಮನೆಗೆ ಕಳುಸುಗು. ಹಾವಿನ ಹಿಡುದು ಕೊಂಡೋಪ ಕೆಲಸವೂ ಬೇಡ, ಹಿಡಿವಲೆ ಹೋಗಿ ಇನ್ನೊಬ್ಬಂಗೆ ಕಚ್ಚುಗು.

ಎನ್ನ ಅತ್ತೆ ಇದರೆಲ್ಲ ಕೇಳಿ ಒಪ್ಪುತ್ತವಿಲ್ಲೆ. "ವಿಷ ಇದ್ದರೂ ಇಲ್ಲದ್ರೂ ಹಾವು ಹಾವೇ. ಸಣ್ಣ ಮಕ್ಕೊ ಓಡಾಡ್ತ ಮನೆಲಿ ಕಾಡಿಗೆ ಗೆರೆ ನೋಡಿಗೊಂಡು ಕೂಪಲೆ ಆವುತ್ತೋ?" ಹೇಳಿ ಕೇಳ್ತವು. ಅವು ಹೇಳುದರಲ್ಲಿ ಅರ್ಥ ಇಲ್ಲದ್ದೆ ಇಲ್ಲೆ. ಇರುಳು ಕರೆಂಟು ಹೋಗಿಪ್ಪಗ ಟಾರ್ಚಿನ ಬೆಣಚ್ಚಿಲಿ ಆನೇ ಎಷ್ಟೋ ಸರ್ತಿ ಬಳ್ಳಿಯ ಹಾವು ಹೇಳಿ ಹಾರಿದ್ದೆ. ಗುರ್ತ ಸಿಕ್ಕದ್ರೆ ವಿಷದ್ದೇ ಹೇಳಿ ತಿಳ್ಕೊಂಡು ದೂರ ನಿಂಬದೇ ಸರಿ. ಆದರೆ ಅತ್ತೆಯ ಮಾತಿಲಿ ಒಂದು ಎಡವಟ್ಟು ಇದ್ದು. ಹೆದರಿಕೆ ಇದ್ದರೆ ದೂರ ಹೋಯೆಕ್ಕಾದ್ದು ನಾವು, ನಾವೋ ಬಡಿಗೆ ಹಿಡ್ಕೊಂಡು ಹತ್ತರೆ ಹೋವುತ್ತೆಯೊ°. ಕಚ್ಚಿಸಿಗೊಂಬಲೆ ಅದಕ್ಕಿಂತ ಸುಲಭದ ದಾರಿ ಬೇರೆ ಇಲ್ಲೆ. ಹಾವೂ ಸಾಯ್ಲಾಗ, ಕೋಲೂ ಮುರಿಯಲಾಗ ಹೇಳಿ ಗಾದೆ ಮಾಡಿದವೂ ನಮ್ಮ ಹಿರಿಯರೇ.

ನೆರೆಕರೆಯ ಒಬ್ಬ ಅತ್ತಿಗೆಯ ವಾದ ಇನ್ನೊಂದು ನಮೂನೆ. "ಕೇರೆ ಹಾವಾದರೆ ಎಲಿ ತಿಂತು, ಉಪಕಾರ ಇದ್ದು. ಇದು ತಿಂಬದು ಕೆಪ್ಪೆಯ. ಕೆಪ್ಪೆ ಹೋದರೆ ನುಸಿ ಹೆಚ್ಚಾವುತ್ತು. ಅಂಬಗ ಇದರಿಂದ ನವಗೆಂತ ಪ್ರಯೋಜನ?" ಕೇಳುಲೆ ಚೆಂದ ಇದ್ದು. ನೀರೊಳ್ಳೆಯ ಊಟ ಮೀನು, ಕೆಪ್ಪೆ, ಸಣ್ಣ ಇಪ್ಪಗ ಕೆಪ್ಪೆ ಮರಿಗೊ, ಅಪರೂಪಕ್ಕೆ ಎಲಿ. ಮಳೆಗಾಲದ ಇರುಳು ಕೆರೆ ಹೊಡೆಂದ ಒಂದೇ ಸಮನೆ ಎಳದು ಎಳದು ಕೂಗುವ ಕೆಪ್ಪೆಯ ಸ್ವರ ಕೇಳಿದ್ದಿಲ್ಲೆಯೋ, ಹಾವಿನ ಬಾಯಿಲಿ ಸಿಕ್ಕಿದ ಕೆಪ್ಪೆ ಅದು. ಹಿಂದಂಗೆ ಬಾಗಿದ ಹಲ್ಲಿಂದ ಬಿಡುಸಿಗೊಂಬಲೆ ಅದಕ್ಕೆ ಎಡಿಯ, ಜೀವ ಇಪ್ಪಗಳೇ ನುಂಗುತ್ತು. ಸಣ್ಣಾದಿಪ್ಪಗ ಆ ಸ್ವರ ಕೇಳಿ ಎನಗೆ ಒರಕ್ಕು ಬಾರ. ಆದರೆ ನಮ್ಮ ಕೆರೆಲಿ ಅಜ್ಜನ ಕಾಲಂದ ನೀರೊಳ್ಳೆಯೂ ಇದ್ದು, ಕೆಪ್ಪೆಯೂ ಇದ್ದು. ಕೆಪ್ಪೆ ಕಡಮ್ಮೆ ಆದ್ದು ಗೆದ್ದೆ ಹೋಗಿ ರಬ್ಬರು ಬಂದ ಮೇಲೆ, ಮದ್ದು ಬಿಡುಲೆ ಸುರು ಮಾಡಿದ ಮೇಲೆ. ಆ ಅಪವಾದವ ಹಾವಿನ ತಲೆಗೆ ಕಟ್ಟುಲಾಗ. ಗಿಡುಗ, ನವಿಲು, ಮುಂಗುಸಿ ಇವಕ್ಕೆ ನೀರೊಳ್ಳೆಯೇ ಊಟ, ಅದನ್ನೂ ನೆಂಪು ಮಡಿಕ್ಕೊಳ್ಳೆಕ್ಕು. ಮತ್ತೆ, ಎನಗೆ ಉಪಕಾರ ಇದ್ದರೆ ಮಾತ್ರ ಬದುಕ್ಕಲಿ ಹೇಳ್ತ ಲೆಕ್ಕವ ನಾವು ಎಲ್ಲೋರಿಂಗೂ ಹಾಕುಲೆ ಸುರು ಮಾಡಿರೆ, ಹಟ್ಟಿಲಿಪ್ಪ ಹಾಲು ಬತ್ತಿದ ದನದ ಗತಿ ಎಂತ ಅತ್ತಿಗೆ?

ಕಾನೂನೂ ಇದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಲಿ ನೀರೊಳ್ಳೆಯ ಹೆಸರೂ ಇದ್ದು, ಕೊಲ್ಲುದು ಅಪರಾಧ. ಆದರೆ ಜಾಲಿಲಿ ಹಾವು ಕಂಡಪ್ಪಗ ಆರೂ ಕಾಯ್ದೆ ಪುಸ್ತಕ ಬಿಡುಸುತ್ತವಿಲ್ಲೆ.

ಎನಗೆ ಹೇಳೆಕ್ಕಾದ್ದು ಹೆಮ್ಮಕ್ಕೊಗೆ, ಹೇಳಿರೆ ನಮಗೆ. ಬಡಿವದು ಗೆಂಡುಮಕ್ಕೊ, ಅಪ್ಪು. ಆದರೆ ಹಗಲು ಹೊತ್ತು ಮನೆಲಿ ಇಪ್ಪದು ನಾವು, ಹಾವಿನ ಮದಾಲು ಕಾಂಬದು ನಾವು, ಬೊಬ್ಬೆ ಹಾಕುದೂ ನಾವೇ. ಆ ಬೊಬ್ಬೆ ಕೇಳಿದ ಕೂಡ್ಲೆ ತೋಟಲ್ಲಿಪ್ಪವ° ಕೈಗೆ ಸಿಕ್ಕಿದ ಬಡಿಗೆ ಹಿಡ್ಕೊಂಡು ಬತ್ತ°. ಬಂದವಂಗೆ ಕೊಲ್ಲದ್ದೆ ಹಿಂದೆ ಹೋದರೆ ಮರ್ಯಾದೆ ಪ್ರಶ್ನೆ. ಸೊಸೆಯ ಹತ್ತರೆ ಮತ್ತೆ ಕೇಳಿದೆ, "ಬಡಿ ಹೇಳಿದ್ದು ಆರು?" "ಆರೂ ಹೇಳಿದ್ದಿಲ್ಲೆ ಅಕ್ಕಾ, ಆನು ಕಿರುಚಿದೆ ಅಷ್ಟೆ" ಹೇಳಿತ್ತು. ಆ ಆಳಿನ ಮೇಲೆ ಎನಗೆ ಕೋಪ ಇಲ್ಲೆ. ಅವ° ಉಪಕಾರ ಮಾಡಿದೆ ಹೇಳಿಯೇ ತಿಳ್ಕೊಂಡಿದ°. ಕೈಲಿ ಫೋನು ಇತ್ತು, ಬಾಗಿಲು ಎಳವಲೆ ಎಡಿತ್ತಿತ್ತು. ಅರ್ಧ ಗಂಟೆ ಆರೂ ಹತ್ತರೆ ಹೋಗದ್ದೆ ಇರ್ತಿದ್ದರೆ ಅದು ನೀರು ಹೋಪ ಒಟ್ಟೆಲೇ ಹೆರ ಹೋವುತಿತ್ತು.

ಆ ಒಟ್ಟೆಯೇ ಅದು ಬಪ್ಪ ದಾರಿ. ಪಾತ್ರ ತೊಳದ ನೀರು ಹೋಪಲ್ಲಿ ಅಶನದ ಅಗುಳು, ಅಗುಳಿಂಗೆ ಹುಳು, ಹುಳುವಿಂಗೆ ಕೆಪ್ಪೆ, ಕೆಪ್ಪೆಗೆ ನೀರೊಳ್ಳೆ. ನಮ್ಮ ಮನೆಲಿ ಎರಡು ವರ್ಷ ಹಿಂದೆ ಒಟ್ಟೆಗೆ ಸಣ್ಣ ಕಣ್ಣಿನ ಕಬ್ಬಿಣದ ಬಲೆ ಕೂರ್ಸಿದೆಯೊ°, ಮತ್ತೆ ಒಳ ಬೈಂದಿಲ್ಲೆ. ಬಲೆ ಹೇಳುವಗ ಇನ್ನೊಂದು ನೆಂಪಾತು. ಬಾವಿಗೆ ಸೊಪ್ಪು ಬೀಳದ್ದ ಹಾಂಗೆ ನೈಲಾನು ಬಲೆ ಹಾಕ್ತೆಯೊ°, ಬಸಳೆ ದಂಬೆ ಸುತ್ತಕ್ಕೂ ಹಾಕ್ತೆಯೊ°. ಹಾವು ಅದರೊಳಂಗೆ ತಲೆ ಹಾಕಿರೆ ಮುಂದೆ ಹೋಪಲೂ ಎಡಿಯ, ಹಿಂದೆ ಬಪ್ಪಲೂ ಎಡಿಯ, ನೂಲು ಹುರುಪೆಯೆಡೆಂಗೆ ಕಂತಿ ಎರಡು ದಿನ ಒದ್ದಾಡಿ ಸಾವದು. ಆನೇ ಎರಡು ಸರ್ತಿ ಕಂಡಿದೆ. ಬಡಿಗೆ ಪೆಟ್ಟಿಂದ ಕಷ್ಟದ ಸಾವು ಅದು. ಬಲೆಯ ಕೊಡಿ ನೆಲಕ್ಕಲ್ಲಿ ಬಿದ್ದೊಂಡಿರದ್ದ ಹಾಂಗೆ ಒಂದು ಮೊಳ ಮೇಲೆ ಎಳದು ಕಟ್ಟಿರೆ ಸಾಕು.

ಸೊಸೆಯ ಮನೆಯ ಕತೆ ಅಲ್ಲಿಗೇ ಮುಗುದ್ದಿಲ್ಲೆ. ಹಾವು ಸತ್ತ ದಿನ ಹೊತ್ತೋಪಗ ಬೆಶಿನೀರ ಒಲೆಗೆ ಕಿಚ್ಚು ಹಾಕುಲೆ ಕೊಟ್ಟಗೆಯ ಹಿಂದೆ ರಾಶಿ ಹಾಕಿದ ಅಡಕ್ಕೆ ಚೋಲಿ ತೆಗವಗ ಅಡಿಲಿ ಚೆಂಡಿ ಇಪ್ಪಲ್ಲಿ ಬೆಳಿ ಬೆಳಿ ಮೊಟ್ಟೆಗೊ ಕಂಡತ್ತಡ. ಕೋಳಿಮೊಟ್ಟೆಯ ಹಾಂಗೆ ಗಟ್ಟಿ ಓಡಿಲ್ಲೆ, ಚರ್ಮದ ಹಾಂಗಿಪ್ಪದು. ಅದು ಎಣುಸಿತ್ತು, 43. ನೀರೊಳ್ಳೆ ಒಂದು ಸರ್ತಿಗೆ ಮೂವತ್ತು-ಎಪ್ಪತ್ತು ಮೊಟ್ಟೆ ಮಡುಗುದು ಸಾಮಾನ್ಯ. ಮಡುಗಿ ಬಿಟ್ಟು ಹೋಪದಲ್ಲ, ಹೆಣ್ಣು ಹಾವು ಮರಿ ಅಪ್ಪನ್ನಾರ ಅಲ್ಲೇ ಕಾದು ಕೂರ್ತು. ಉದಿಯಪ್ಪಗಳೂ ಅದೇ ರಾಶಿಂದ ಚೋಲಿ ತೆಗದಿತ್ತು ಸೊಸೆ. ಅಲ್ಲಿಂದ ಹೆದರಿ ಎದ್ದ ಹಾವು ನೀರೊಟ್ಟೆಲಿ ನುಗ್ಗಿ ಕೊಟ್ಟಗೆಗೆ ಬಂದದಾದಿಕ್ಕು. ಫೋನಿಲಿ ಇದರ ಹೇಳುವಗ ಸೊಸೆಯ ಸ್ವರ ಬೇರೆಯೇ ಇತ್ತು. ಚಿಕ್ಕಮ್ಮನೂ ಎಂತದೂ ಮಾತಾಡಿದ್ದವಿಲ್ಲೆಡ.

ಮೊಟ್ಟೆಗಳ ತಿರುಗ್ಸದ್ದೆ, ಇದ್ದ ಹಾಂಗೇ ಚೋಲಿ ಮುಚ್ಚಿ ಬಿಡುಲೆ ಹೇಳಿದೆ. ಮರಿ ಅಪ್ಪಲೆ ಎರಡು ತಿಂಗಳ ಹತ್ತರೆ ಬೇಕು, ಬೆಶಿಯ ಮೇಲೆ ರಜ್ಜ ಹೆಚ್ಚು ಕಡಮ್ಮೆ. ಅಬ್ಬೆ ಇಲ್ಲದ್ದೆ ಎಷ್ಟು ಉಳಿಗೋ. ಮರಿ ಆದರೂ ಒಂದು ಗೇಣೂ ಇಲ್ಲದ್ದ ಆ ಮರಿಗಳಲ್ಲಿ ಮಳೆಗಾಲ ಮುಗಿವನ್ನಾರ ಹತ್ತು ಬದುಕ್ಕಿರೆ ಹೆಚ್ಚು. ಮೊನ್ನೆ ಫೋನು ಮಾಡಿಪ್ಪಗ ಕೇಳಿದೆ. ರಾಶಿಯ ಆರೂ ಮುಟ್ಟುಲಾಗ ಹೇಳಿ ಚಿಕ್ಕಮ್ಮನೇ ಸುತ್ತಲೂ ನಾಲ್ಕು ಕೋಲು ಊರಿ ಬಳ್ಳಿ ಕಟ್ಟಿದ್ದವಡ. ಒಲೆಗೆ ಈಗ ಮೇಲಣ ಮನೆಂದ ಚೋಲಿ ತತ್ತಾ ಇದ್ದವಡ.